ಓದಿ ಹೇಳಿದೆ ಅಂದಿದ್ದೆ

ನಮ್ಮ ಸೀನಿಯರ್ ಅವರ ಎಡಗೈ ಹೆಬ್ಬೆರಳು ವರ್ಷವಿಡೀ ನೀಲಿಯಾಗಿರುತ್ತಿತ್ತು. ಉಗುರಿನ ಸಂದಿಯಲ್ಲಿ, ಚರ್ಮದ ಗೆರೆಗಳಲ್ಲಿ ಸ್ಟಾಂಪ್ ಪ್ಯಾಡಿನ ಶಾಯಿ ಕೂತುಬಿಟ್ಟು, ಸೋಪು ಹಾಕಿ ಉಜ್ಜಿದರೂ ಬಿಡುತ್ತಿರಲಿಲ್ಲ. ಅವರ ಬಿಳಿ ಶರಟುಗಳ ಜೇಬಿನ ಮೇಲೆಲ್ಲ ನೀಲಿ ಗುರುತು. ಕೆ.ಆರ್. ಪೇಟೆಯ ಕೋರ್ಟಿನ ಹಿಂದಿನ ಬೀದಿಯಲ್ಲಿ ಅವರ ಮನೆ, ಮನೆಯ ಮುಂದಿನ ಕೋಣೆಯೇ ಆಫೀಸು. ಬಟ್ಟೆ ಒಗೆಯುವ ದಿನ ಅವರ ಹೆಂಡತಿ ಬೈಯುವುದು ಕಕ್ಷಿದಾರರಿಗೆಲ್ಲ ಕೇಳುತ್ತಿತ್ತು. ಶಾಸಕರಾದ ಮೇಲೂ ಆ ಬೆರಳು ಹಾಗೇ ಇತ್ತು. ಭಾಷಣದಲ್ಲಿ ಅದನ್ನೇ ಎತ್ತಿ ತೋರಿಸಿ, "ನಿಮ್ ಬೆರ್ಳಿಗೆ ಐದ್ ವರ್ಸುಕ್ಕೊಂದ್ ಕಿತ ಮಸಿ ಆಕ್ತಾರೆ, ನಂಗೆ ದಿನಾ ಆಕ್ತಾರೆ ಕಣ್ರಪ್ಪ" ಅನ್ನುತ್ತಿದ್ದರು. ಜನ ನಗುತ್ತಿದ್ದರು.

ಆ ಶಾಯಿಗೆ ಕಾರಣ ಅವರದೇ ಒಂದು ಪದ್ಧತಿ. ಓದುಬರಹ ಬಾರದವರು ಯಾವ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕಾದರೂ ಅದನ್ನು ಮೊದಲು ಪೂರ್ತಿ ಓದಿ ಹೇಳುತ್ತಿದ್ದರು. ಕಾನೂನಿನ ಭಾಷೆಯಲ್ಲಲ್ಲ. ಪತ್ರದಲ್ಲಿ 'ಸದರಿ ಸ್ವತ್ತಿನ ಚಕ್ಕುಬಂದಿ' ಎಂದಿದ್ದರೆ, "ನಿಮ್ ಕೆರೆ ಕೆಳ್ಗಿನ ಗದ್ದೆ ಕಣವ್ವ, ಮೂಡ್ಲಾಗೆ ನಿಮ್ ದೊಡ್ಡಪ್ಪಂದು" ಎಂದು ಬಿಡಿಸಿ ಹೇಳುವರು. ಆಮೇಲೆ ಕಾಗದ ಮಗುಚಿಟ್ಟು, "ಈಗ ನೀ ಏಳು, ಇದ್ರಾಗೆ ಏನದೆ?" ಅನ್ನುವರು. ತಪ್ಪಿದರೆ ಮತ್ತೆ ಮೊದಲಿನಿಂದ. ಎಲ್ಲ ಸರಿಯಾದ ಮೇಲೆ ಒತ್ತಿಸಿ, ನಮ್ಮಲ್ಲಿ ಉಳಿಯುವ ಆಫೀಸು ಪ್ರತಿಯ ಅಂಚಿನಲ್ಲಿ 'ಓದಿ ಹೇಳಿದೆ, ಹೇಳಿಸಿಕೊಂಡೆ' ಎಂದು ಬರೆದು ಅದರ ಕೆಳಗೆ ತಮ್ಮ ಹೆಬ್ಬೆಟ್ಟನ್ನೂ ಒತ್ತುತ್ತಿದ್ದರು. ಕಾನೂನು ಓದಿದ ಮನುಷ್ಯ ರುಜು ಹಾಕದೆ ಹೆಬ್ಬೆಟ್ಟು ಒತ್ತುವುದನ್ನು ಕಂಡು ಮೊದಲ ದಿನ ನನಗೆ ನಗು ಬಂದಿತ್ತು. "ಒತ್ತೋವಾಗ ಅವ್ರಿಗೆ ಎಂಗಾಯ್ತದೆ ಅನ್ನೋದು ನಂಗೂ ಗೊತ್ತಿರ್ಬೇಕಲ್ಲ ಮಗ" ಅಂದರು.

ನಾನು ನಾಗಮಂಗಲದವಳು. ಅಪ್ಪ ಅಕ್ಕಸಾಲಿ ಕೆಲಸ ಮಾಡುತ್ತಿದ್ದರು. ನಮ್ಮ ಮನೆತನದಲ್ಲಿ ಕರಿ ಕೋಟು ಹಾಕಿದವಳು ನಾನೇ ಮೊದಲು, ಹಾಕಿಕೊಂಡು ಎಲ್ಲಿ ನಿಲ್ಲಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಯಾರದೋ ಪರಿಚಯ ಹಿಡಿದು ಇವರ ಹತ್ತಿರ ಕರೆತಂದರು. ಇವರಾಗ ಶಾಸಕರಾಗಿ ಎರಡನೇ ವರ್ಷ. ಹೆಣ್ಣುಮಗಳನ್ನು ಜೂನಿಯರ್ ಆಗಿ ಇಟ್ಟುಕೊಳ್ಳದಿರಲು ಊರಿನ ಇನ್ನಿಬ್ಬರು ವಕೀಲರು ಆಗಲೇ ನೆಪ ಹೇಳಿದ್ದರು. ಇವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಜೋರಾಗಿ ಓದಕ್ಕೆ ಬತ್ತದಾ?" ಬರುತ್ತದೆ ಅಂದೆ. "ಆದ್ರೆ ನಾಳಿಕ್ಕೆ ಬಾ."

ಅವರನ್ನು ದೇವರಂಥವರು ಎಂದು ಬರೆದರೆ ಅವರೇ ಎದ್ದು ಬಂದು ಬೈದಾರು. ಮುಂಗೋಪಿ. ವಾಯಿದೆ ತಾರೀಕು ತಪ್ಪಾಗಿ ಬರೆದಿದ್ದಕ್ಕೆ ನನ್ನ ಡೈರಿಯನ್ನು ಒಮ್ಮೆ ಬೀದಿಗೆ ಎಸೆದಿದ್ದರು, ಆಮೇಲೆ ತಾವೇ ಹೋಗಿ ಆರಿಸಿಕೊಂಡು ಬಂದರು. ಮದುವೆಗೆ ಕರೆಯದಿದ್ದರೆ ಎರಡು ವರ್ಷ ಮುನಿಸು. ಕರೆದರೆ, ಒಂದೇ ಮುಹೂರ್ತದಲ್ಲಿ ಆರು ಮದುವೆ ಇದ್ದರೂ ಆರಕ್ಕೂ ಹೋಗಿ ಎಲ್ಲ ಕಡೆ ಬರೀ ಪಾಯಸ ತಿಂದು ಬರುವರು. ಎಳನೀರು ಕಂಡರೆ ಆಗದು. ಆದರೆ ತೆಂಗಿನ ಸೀಮೆಯಲ್ಲಿ ಓಟು ಕೇಳುವವನು ಎಳನೀರು ಬೇಡ ಅನ್ನಲಾದೀತೇ? ಪ್ರಚಾರಕ್ಕೆ ಹೋದ ಊರೂರಲ್ಲೂ ಕುಡಿದು, ಸಂಜೆ ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದರು. ವಿಧಾನಸಭೆಯಲ್ಲಿ ನಿದ್ದೆ ಮಾಡಿದ್ದು ಟಿವಿಯಲ್ಲಿ ಬಂದಾಗ, "ನಿದ್ದೆ ಬಂತು, ಮಾಡ್ದೆ. ಎದ್ದಿದ್ದಾಗ ನಿಮ್ ಪೋಡಿ ವಿಚಾರ ಕೇಳಿವ್ನಿ, ಅದ ಯಾಕೆ ತೋರ್ಸಲ್ಲ?" ಎಂದು ಸಂತೆಯಲ್ಲಿ ನಿಂತು ಕೇಳಿದರು. ಜಮೀನು ಅಳತೆ ಮಾಡಿಸಿ ಪ್ರತ್ಯೇಕ ನಂಬರು ಕೊಡುವ ಪೋಡಿ ಕೆಲಸ ತಡವಾಗುತ್ತದೆ ಎಂಬುದೊಂದೇ ಅವರ ರಾಜಕೀಯ. ಅದಕ್ಕಿಂತ ದೊಡ್ಡ ಮಾತು ಅವರಿಗೆ ಬರುತ್ತಿರಲಿಲ್ಲ.

ಅವರು ಬೆಂಗಳೂರಿಗೆ ಹೋದಾಗಲೆಲ್ಲ ಆಫೀಸು ನನ್ನ ಕೈಯಲ್ಲಿ. ಮೂರನೇ ವರ್ಷಕ್ಕೆ ಜನ ನನ್ನನ್ನು ಲಾಯರಮ್ಮ ಅನ್ನತೊಡಗಿದರು. ಆ ಹೆಸರು ತಲೆಗೇರಿತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಮುಂದಿನ ಚುನಾವಣೆ ಬಂತು. ಯುಗಾದಿ ಕಳೆದು ಎರಡು ದಿನ. ಆ ದಿನ ಸಂಜೆ ಶ್ರೀರಂಗಪಟ್ಟಣದಲ್ಲಿ ಪಕ್ಷದ ದೊಡ್ಡ ಸಭೆ. ನಾಲ್ಕು ತಾಲ್ಲೂಕುಗಳಿಂದ ಜನ ಬರುವವರಿದ್ದರು, ವೇದಿಕೆಯ ಮೇಲೆ ಹೆಂಗಸರ ಸಾಲಿನಲ್ಲಿ ನನಗೂ ಒಂದು ಕುರ್ಚಿ ಇತ್ತು. ಸೀನಿಯರ್ ಬೆಳಿಗ್ಗೆಯೇ ಹೊರಟಿದ್ದರು. ನನ್ನನ್ನು ಕರೆದೊಯ್ಯಲು ಕಾರು ಬಂದು ಆಫೀಸಿನ ಮುಂದೆ ನಿಂತಿತ್ತು. ಅಂಥ ಹೊತ್ತಿಗೆ ಹೇಮಗಿರಿ ಕಡೆಯ ಹಳ್ಳಿಯಿಂದ ಇಬ್ಬರು ಅಣ್ಣತಮ್ಮಂದಿರು ತಮ್ಮ ಅಕ್ಕನನ್ನು ಕರೆದುಕೊಂಡು ಬಂದರು. ಹಕ್ಕು ಖುಲಾಸೆ ಪತ್ರ ಬರೆಸಬೇಕಿತ್ತು. ತವರಿನ ಆಸ್ತಿಯಲ್ಲಿ ನನಗೇನೂ ಬೇಡ ಎಂದು ಹೆಣ್ಣುಮಕ್ಕಳು ಬರೆದುಕೊಡುವ ಪತ್ರ ಅದು. ನಮ್ಮ ಕಡೆ ಇದು ನಡೆಯುವ ರೀತಿಯೇ ಹಾಗೆ. ಹಬ್ಬಕ್ಕೆ ಕರೆಯುತ್ತಾರೆ, ಸೀರೆ ಉಡಿಸುತ್ತಾರೆ, ಊಟ ಹಾಕುತ್ತಾರೆ, ಮಾರನೆಯ ದಿನ ರಿಜಿಸ್ಟ್ರಿಗೆ ಕರೆದೊಯ್ಯುತ್ತಾರೆ. ಕೇಳುವ ಹೆಣ್ಣುಮಗಳು ತವರಿಗೆ ಎರವಾಗುತ್ತಾಳೆ. ಹಿಂದಿನ ವರ್ಷ ನಾನೇ ನಮ್ಮಣ್ಣನಿಗೆ ಅಂಥದೊಂದು ಪತ್ರಕ್ಕೆ ರುಜು ಹಾಕಿದ್ದೆ. ವಕೀಲೆಯಾಗಿದ್ದೂ ಒಂದು ಸಾಲು ಓದಿರಲಿಲ್ಲ, ಓದಿದರೆ ಅಣ್ಣ ಏನಂದುಕೊಂಡಾನೋ ಎಂಬ ಸಂಕೋಚ.

ಆ ಅವ್ವನಿಗೆ ಅರವತ್ತರ ಮೇಲೆ. ಪಾಂಡವಪುರದ ಕಡೆ ಕೊಟ್ಟಿದ್ದರು, ಗಂಡ ತೀರಿಹೋಗಿದ್ದ. ಹೊಸ ಸೀರೆಯ ಗಂಜಿ ಇನ್ನೂ ಬಿಟ್ಟಿರಲಿಲ್ಲ, ಸೆರಗು ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ಅಣ್ಣತಮ್ಮಂದಿರು ನಮ್ಮ ಪಕ್ಷದವರು, ಆ ಊರಿನ ಓಟು ಅವರ ಕೈಯಲ್ಲಿತ್ತು. ಬೇಗ ಮಾಡಿಕೊಟ್ಟರೆ ಸೀನಿಯರ್‌ಗೆ ಒಳ್ಳೆಯದಾಗುತ್ತದೆ ಎಂದುಕೊಂಡೆ. ಅವರು ತಂದ ಪಹಣಿಗಳನ್ನು ನೋಡಿ ಎಲ್ಲ ಸರ್ವೆ ನಂಬರುಗಳನ್ನೂ ಸೇರಿಸಿ ಟೈಪು ಮಾಡಿದೆ. ಕಾರಿನ ಡ್ರೈವರು ಎರಡು ಸಲ ಹಾರನ್ ಹೊಡೆದ. "ನಿಮ್ಮ ತಮ್ಮಂದಿರು ಎಲ್ಲಾ ಹೇಳಿದ್ದಾರಲ್ಲವಾ?" ಎಂದು ಕೇಳಿದೆ. ಆಕೆ ತಮ್ಮಂದಿರ ಮುಖ ನೋಡಿ ಹೂಂ ಅಂದಳು. ನಾನು ಪತ್ರ ಓದಲಿಲ್ಲ. ಆಕೆಯ ಬೆರಳು ಹಿಡಿದು ಒತ್ತಿಸಿದೆ. ಕೊನೆಯ ಪುಟದಲ್ಲಿ ಪತ್ರ ಬರೆದವರ ಜಾಗಕ್ಕೆ ಸೀನಿಯರ್ ಸೀಲು ಹಾಕಿ, ಅವರ ಪರವಾಗಿ ಎಂದು ಮೂಲೆಯಲ್ಲಿ ಒಂದು ಗೀಚು ಗೀಚಿದೆ. ರಿಜಿಸ್ಟ್ರಿ ಆಫೀಸಿಗೆ ಅವರನ್ನು ಕಳಿಸಿ ನಾನು ಕಾರು ಹತ್ತಿದೆ. ಶ್ರೀರಂಗಪಟ್ಟಣದಲ್ಲಿ ನನ್ನ ಕುರ್ಚಿ ಮೂರನೇ ಸಾಲಿನಲ್ಲಿತ್ತು, ಮುಂದಿನವರ ಜಡೆ ಬಿಟ್ಟರೆ ಏನೂ ಕಾಣಲಿಲ್ಲ.

ಓಟಿಗೆ ಎಂಟು ದಿನ ಇರುವಾಗ ವಾಟ್ಸಾಪಿನಲ್ಲಿ ಒಂದು ವಿಡಿಯೋ ಹರಿದಾಡಿತು. ಆ ಅವ್ವ ಹೊಸ ತಂತಿಬೇಲಿಯ ಹೊರಗೆ ನಿಂತಿದ್ದಾಳೆ. ಒಳಗೆ ಅವಳ ಮದುವೆಯಲ್ಲಿ ಅಪ್ಪ ಅರಿಶಿನ ಕುಂಕುಮಕ್ಕೆಂದು ಬಾಯಿಮಾತಿನಲ್ಲಿ ಕೊಟ್ಟಿದ್ದ ಅರ್ಧ ಎಕರೆ ತೆಂಗಿನ ತೋಟ. ಅಷ್ಟು ವರ್ಷ ಅದರ ಕಾಯಿ ಅವಳೇ ಇಳಿಸಿಕೊಂಡು ಹೋಗುತ್ತಿದ್ದಳು. "ಒಲದ ವಿಚಾರ ಮಾತ್ರ ಅಂದಿದ್ರು. ತ್ವಾಟ ಸೇರ್ಸವ್ರೆ ಅಂತ ನಂಗೊತ್ತಿಲ್ಲ. ಓದ್ಲಿಲ್ಲ, ಏಳ್ಲಿಲ್ಲ. ಲಾಯರಪ್ಪನ ಆಫೀಸು ಅಂತ ನಂಬಿ ಒತ್ಬುಟ್ಟೆ" ಅನ್ನುತ್ತಿದ್ದಳು. ಕೆಳಗೆ ಎದುರು ಪಕ್ಷದವರು ಹಾಕಿದ್ದ ಸಾಲು: ಗಂಡನಿಲ್ಲದವಳ ತೋಟ ನುಂಗಿದ ಶಾಸಕ.

ಆ ಮಧ್ಯಾಹ್ನ ಸೀನಿಯರ್ ಊಟಕ್ಕೆ ಬಂದಿದ್ದರು. ಸುತ್ತ ಕಾರ್ಯಕರ್ತರು. ವಿಡಿಯೋ ನೋಡಿ ಮುಗಿಸಿ, ಕೈ ತೊಳೆಯದೆ ನನ್ನ ಮೇಜಿನ ಹತ್ತಿರ ಬಂದರು. ಧ್ವನಿ ಎತ್ತಲಿಲ್ಲ.

"ಓದಿ ಏಳಿದ್ಯಾ ಮಗ, ಆ ಅವ್ವಂಗೆ?"

"ಓದಿ ಹೇಳಿದೆ ಸಾರ್" ಅಂದೆ.

"ಏಳಿಸ್ಕೊಂಡ್ಯಾ?"

"ಹೇಳಿಸ್ಕೊಂಡೆ ಸಾರ್."

ಅಷ್ಟು ಜನರ ಮುಂದೆ ಕೇಳಿದ್ದರಿಂದ ಹಾಗಂದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಒಬ್ಬರೇ ಕೇಳಿದ್ದರೂ ಹಾಗೇ ಅನ್ನುತ್ತಿದ್ದೆ. ಆಫೀಸು ಪ್ರತಿಯ ಅಂಚು ಖಾಲಿ ಇದೆ ಎಂಬುದು ಆಮೇಲೆ ನೆನಪಾಗಿ, ಅದನ್ನು ತೆಗೆದು ಪೆನ್ನನ್ನೂ ಹಿಡಿದೆ. ಬರೆಯಲು ಧೈರ್ಯ ಸಾಲಲಿಲ್ಲ. ನಿಜ ಹೇಳುವುದಕ್ಕೂ ಸಾಲಲಿಲ್ಲ. ಫೈಲನ್ನು ಇದ್ದಲ್ಲೇ ಇಟ್ಟೆ.

ಅವರು ಫೈಲು ನೋಡಲಿಲ್ಲ. ನನ್ನ ಮಾತು ಸಾಕಾಯಿತು. ಮಾರನೆಯ ದಿನ ಸಂತೆ ಮೈದಾನದಲ್ಲಿ ಮೈಕು ಹಿಡಿದು ಹೇಳಿದರು. "ಆ ಅವ್ವಂಗೆ ವಯಸ್ಸಾಗದೆ, ಮರ್ತಿರ್ಬೋದು. ನನ್ ಆಫೀಸ್ನಾಗೆ ಓದ್ದೆ ಯಾರ್ ಕೈಲೂ ಒತ್ಸಲ್ಲ. ಅಂಗ್ ಒತ್ಸಿದ್ರೆ ನಾನು ಕರಿ ಕೋಟು ಬಿಚ್ಚಾಕ್ಬುಡ್ತೀನಿ." ನಾನು ವೇದಿಕೆಯ ಪಕ್ಕದಲ್ಲೇ ನಿಂತಿದ್ದೆ. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಸೋತರು. ಆ ತೋಟ ಒಂದರಿಂದಲೇ ಸೋತರು ಎಂದು ಹೇಳಲಾರೆ, ಐದು ವರ್ಷದ ಸಿಟ್ಟುಗಳು ಬೇರೆಯವೂ ಇದ್ದವು. ಆದರೆ ಹೆಂಗಸರು ಕೈಬಿಟ್ಟರು ಎಂದು ಎಲ್ಲರೂ ಆಡಿಕೊಂಡರು. ಅದು ನನಗೆ ಚೆನ್ನಾಗಿ ಕೇಳಿಸುತ್ತಿತ್ತು.

ಫಲಿತಾಂಶ ಬಂದ ಮೂರನೇ ದಿನ ಅವರು ಆಫೀಸಿನಲ್ಲಿ ಕೂತು ಹಳೆಯ ಫೈಲು ನೋಡುತ್ತಿದ್ದರು. ನಾನು ಕೋರ್ಟಿನಿಂದ ಬಂದಾಗ ಆ ಪತ್ರದ ಆಫೀಸು ಪ್ರತಿ ಅವರ ಮುಂದಿತ್ತು. ಖಾಲಿ ಅಂಚಿನ ಮೇಲೆ ಕೈ ಇಟ್ಟುಕೊಂಡಿದ್ದರು. ಬೈಯುತ್ತಾರೆ, ಡೈರಿಯ ಹಾಗೆ ನನ್ನನ್ನೂ ಬೀದಿಗೆ ಹಾಕುತ್ತಾರೆ ಎಂದು ನಿಂತೆ. ಅವರು ಕನ್ನಡಕ ತೆಗೆದು, "ಊಟ ಆಯ್ತಾ?" ಎಂದು ಕೇಳಿದರು. ಆಯಿತು ಅಂದೆ. ಪ್ರತಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಒಬ್ಬರೇ ಬಸ್ಸು ಹತ್ತಿ ಪಾಂಡವಪುರದ ಕಡೆ ಹೋದರು. ಅಲ್ಲಿ ಆ ಅವ್ವನ ಜೊತೆ ಏನು ಮಾತಾಡಿದರೋ ನನಗೆ ಹೇಳಲಿಲ್ಲ.

ಆಕೆ ಬೇರೊಬ್ಬ ವಕೀಲರ ಮೂಲಕ, ಪತ್ರ ರದ್ದು ಮಾಡಿ ಎಂದು ದಾವೆ ಹಾಕಿದಳು. ಆಕೆಯ ಪರ ಸಾಕ್ಷಿ ನಮ್ಮ ಸೀನಿಯರ್. ಮೂವತ್ತು ವರ್ಷ ಯಾವ ಕೋರ್ಟಿನಲ್ಲಿ ವಾದ ಮಾಡಿದ್ದರೋ ಅದೇ ಕೋರ್ಟಿನ ಸಾಕ್ಷಿ ಕಟ್ಟೆಗೆ ಬರಿಯ ಬಿಳಿ ಶರಟಿನಲ್ಲಿ ಹತ್ತಿದರು. ಕೋಟು ಹಾಕಿರಲಿಲ್ಲ. ನಾನು ವಕೀಲರ ಸಾಲಿನಲ್ಲಿ ಕೂತಿದ್ದೆ, ಕೋಟು ಹಾಕಿಕೊಂಡು. ಅವರು ಆಫೀಸು ಪ್ರತಿ ಕೊಟ್ಟು, ತಮ್ಮ ಪದ್ಧತಿ ಏನು ಎಂದು ವಿವರಿಸಿ, "ಈ ಪ್ರತಿಯಲ್ಲಿ ಆ ಬರಹ ಇಲ್ಲ. ಇಲ್ಲ ಅಂದ ಮೇಲೆ ಓದಿ ಹೇಳಿಲ್ಲ" ಅಂದರು.

ತಮ್ಮಂದಿರ ವಕೀಲರು ಎದ್ದರು. "ಆ ದಿನ ತಾವು ಊರಲ್ಲೇ ಇರಲಿಲ್ಲ, ಅಲ್ಲವೇ?"

"ಇರಲಿಲ್ಲ."

"ಹಾಗಾದರೆ ಆಫೀಸಿನಲ್ಲಿ ಯಾರಿದ್ದರು?"

ಎದ್ದು ನಿಂತು ನಾನಿದ್ದೆ ಎನ್ನಲು ಅದಕ್ಕಿಂತ ಸರಿಯಾದ ಹೊತ್ತು ಮತ್ತೆ ಬರುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಎದುರಿನ ಮೇಜಿನ ಮೇಲಿದ್ದ ಕಾನೂನು ಪುಸ್ತಕದ ಬೆನ್ನಿನ ಮೇಲೆ ಕಣ್ಣಿಟ್ಟೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ಆಫೀಸು ನನ್ನದು. ಸೀಲು ನನ್ನದು. ತಪ್ಪು ನನ್ನದು ಅಂತ ಬರೆದುಕೊಳ್ಳಿ" ಅಂದರು.

ಎರಡು ತಿಂಗಳಲ್ಲಿ ತಮ್ಮಂದಿರು ರಾಜಿಗೆ ಬಂದರು, ತೋಟ ಆಕೆಯ ಹೆಸರಿಗೆ ಬಂತು. ಆದರೆ ಯಾರೋ ಸಂತೆ ಮೈದಾನದ ಭಾಷಣವನ್ನೂ ಕೋರ್ಟಿನ ಹೇಳಿಕೆಯ ಸುದ್ದಿಯನ್ನೂ ಒಟ್ಟಿಗೆ ಜೋಡಿಸಿ ವಾಟ್ಸಾಪಿಗೆ ಬಿಟ್ಟರು. ಓಟು ಕೇಳುವಾಗ ಓದಿದ್ದೇನೆ ಅಂದ, ಸೋತ ಮೇಲೆ ಓದಿಲ್ಲ ಅಂದ. ಟೀ ಅಂಗಡಿಯಲ್ಲಿ, "ಮುದ್ಕಿನ ಸುಳ್ಳುಗಾತಿ ಮಾಡ್ದ ಕಣ್ಲಾ, ಅವ್ನೇ ಸುಳ್ಳ" ಎಂದು ಒಬ್ಬ ಹೇಳುತ್ತಿದ್ದುದನ್ನು ನಾನೇ ಕೇಳಿದೆ. ಟೀ ಕುಡಿದು ಎದ್ದು ಬಂದೆ. ಪಕ್ಷ ಮತ್ತೆ ಅವರಿಗೆ ಟಿಕೆಟ್ಟು ಕೊಡಲಿಲ್ಲ. ಮದುವೆಗೆ ಕರೆಯುವವರು ಕಡಿಮೆಯಾದರು, ಅವರು ಮುನಿಸಿಕೊಳ್ಳುವುದನ್ನೂ ಬಿಟ್ಟರು.

ಕೋಟು ಬಿಚ್ಚುತ್ತೇನೆ ಎಂದ ಮಾತನ್ನು ಅವರು ಉಳಿಸಿಕೊಂಡರು, ವಕೀಲಿಕೆ ಬಿಟ್ಟರು. ಅದನ್ನೂ ಜನ ನಾಟಕ ಅಂದರು. ಅವರ ಕೇಸುಗಳೆಲ್ಲ ಒಂದೊಂದಾಗಿ ನನ್ನ ವಕಾಲತ್ತಿಗೆ ಬಂದವು. ನನಗೆ ನೋಟರಿ ಆಗಲು ಅರ್ಜಿ ಹಾಕಿಸಿದವರೂ ಅವರೇ. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಕಾಮಾ ತಪ್ಪಿದ್ದಕ್ಕೆ ಕೂಗಾಡುತ್ತಿದ್ದ ಮನುಷ್ಯ, ಇದಕ್ಕೆ ಒಂದು ಮಾತಾಡಲಿಲ್ಲ. ಒಂದೇ ಬದಲಾವಣೆ. ಓದು ಬಾರದವರು ಯಾರಾದರೂ ಬಂದರೆ ಒಳಗಿನಿಂದ ಎದ್ದು ಬಂದು, ನನ್ನ ಪಕ್ಕ ಸ್ಟೂಲು ಎಳೆದುಕೊಂಡು, "ಓದು ಮಗ, ನಾನೂ ಕೇಳ್ತೀನಿ" ಎಂದು ಕೂರುತ್ತಿದ್ದರು. ಬೈಗುಳವೇ ಎಷ್ಟೋ ಮೇಲಿತ್ತು.

ಹೋದ ವರ್ಷ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಡಾಕ್ಟರು ಆಸೆ ಬಿಟ್ಟಿದ್ದರು. ಅವರ ಹೆಂಡತಿ ಔಷಧಿ ತರಲು ಕೆಳಗಿಳಿದಾಗ ಹಾಸಿಗೆಯ ಹತ್ತಿರ ಹೋಗಿ, "ಸಾರ್, ಅವತ್ತು ಆ ಪತ್ರ..." ಎಂದೆ.

ಅವರು ಕಣ್ಣು ಬಿಟ್ಟು ನೋಡಿದರು. "ನಂಗೊತ್ತಿರೋದ್ನ ನಂಗೇ ಏಳಿ ಏನ್ ಬಂತು ಮಗ?"

ಆ ಮಾತಿನ ಅರ್ಥ ನನಗೆ ಅಲ್ಲೇ ಆಯಿತು. ಆಗದವಳ ಹಾಗೆ ಹೊದಿಕೆ ಸರಿಮಾಡಿ, ಕಿತ್ತಳೆ ಸುಲಿದುಕೊಡಲೇ ಎಂದು ಕೇಳಿದೆ. ಬೇಡ ಎಂದು ಕೈ ಆಡಿಸಿದರು. ನಾಲ್ಕು ದಿನ ಇದ್ದರು.

ವಕೀಲರ ಸಂಘದಲ್ಲಿ ಸಂತಾಪ ಸಭೆ ಮಾಡಿದೆವು. ಹಿರಿಯರೊಬ್ಬರು ಮಾತಾಡುತ್ತ, "ಕೊನೆಗಾಲದ ಆ ಒಂದು ತಪ್ಪು ಬಿಟ್ಟರೆ ಚೊಕ್ಕ ಮನುಷ್ಯ" ಅಂದರು. ಅದಾದ ಮೇಲೆ ನನ್ನ ಸರದಿ. ಅವರ ಸಿಟ್ಟು, ಪಾಯಸ, ಎಳನೀರು ಎಲ್ಲ ಹೇಳಿದೆ. ಜನ ನಕ್ಕರು, ಕೆಲವರು ಕಣ್ಣು ಒರೆಸಿಕೊಂಡರು. ಚೆನ್ನಾಗಿ ಮಾತಾಡಿದಿರಿ ಮೇಡಂ ಎಂದು ಕೈಕುಲುಕಿದರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹನ್ನೊಂದನೇ ದಿನದ ತಿಥಿಗೆ ಆ ಅವ್ವ ಬಂದಿದ್ದಳು, ಮೊಮ್ಮಗನ ಬೈಕಿನಲ್ಲಿ ಒಂದು ಚೀಲ ತೆಂಗಿನಕಾಯಿ ಹೇರಿಕೊಂಡು. ಪಂಕ್ತಿ ಎದ್ದ ಮೇಲೆ ಹಿತ್ತಲ ಜಗುಲಿಯಲ್ಲಿ ಒಬ್ಬಳೇ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಯಾರಿಗಾದರೂ ಹೇಳಲೇಬೇಕು ಅನಿಸಿತ್ತು, ಬೈಯುವ ಹಕ್ಕಿದ್ದವಳು ಇವಳೊಬ್ಬಳೇ.

"ಅವ್ವ, ಅವತ್ತು ಓದದೆ ಒತ್ತಿಸಿದವಳು ನಾನು. ಅವರಿಗೆ ಓದಿದ್ದೇನೆ ಅಂತ ಸುಳ್ಳು ಹೇಳಿದ್ದೂ ನಾನೇ" ಅಂದೆ.

ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. "ನೀನೇ ಅಂತ ಗೊತ್ತಿಲ್ವಾ ನಂಗೆ? ನನ್ ಬೆಳ್ಳು ಇಡ್ಕಂಡೋಳು ನೀನೇಯ. ಕಾರ್ ಕಡೀಕೇ ನೋಡ್ತಿದ್ದೆ" ಅಂದಳು.

"ಮತ್ತೆ ಕೋರ್ಟಿನಲ್ಲಿ ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಲಾಯರಪ್ಪ ನಮ್ಮನೇಗ್ ಬಂದು ಕೈ ಮುಗ್ದ ಕಣವ್ವ. ಹೆಣ್ ಐಕ್ಳು ಕೋರ್ಟಿಗ್ ಬರಾದೇ ಕಷ್ಟ, ಈ ಮಗಿನ ಎಸ್ರು ಎತ್ತಬ್ಯಾಡವ್ವ, ಇನ್ಯಾರೂ ಒಳೀಕ್ ಬುಟ್ಕಳಲ್ಲ, ಅವ್ಳೇ ಒಂದಿನ ಏಳ್ತಾಳೆ ಅಂದ. ಆ ವಯ್ಯ ಕೇಳ್ಕಂಡ ಅಂತ ನಾನ್ ಸುಮ್ಕಿದ್ದೆ." ಬಾಯಿಂದ ಎಲೆಅಡಿಕೆ ಉಗಿದು ಬಂದು ಮತ್ತೆ ಕೂತಳು. "ನೀನ್ ಯಾಕವ್ವ ಸುಮ್ಕಿದ್ದೆ? ಅವ್ನು ಬದುಕಿರೋಗಂಟ ಕಾಯ್ತಿದ್ದ."

ಮದುವೆ, ವಕಾಲತ್ತು, ಹೆಸರು ಎಂದು ಒಂದೊಂದು ವರ್ಷಕ್ಕೆ ಒಂದೊಂದು ಕಾರಣ ಇಟ್ಟುಕೊಂಡಿದ್ದೆ. ಅವಳ ಮುಂದೆ ಒಂದೂ ಬಾಯಿಗೆ ಬರಲಿಲ್ಲ. ಇದನ್ನು ಅವರು ಇದ್ದಾಗಲೇ ಬರೆಯಬೇಕಿತ್ತು. ಈಗ ಬರೆದರೆ ಅವರಿಗೇನೂ ಸಿಕ್ಕುವುದಿಲ್ಲ, ನನಗೆ ಹಗುರವಾಗುತ್ತದೆ ಎಂಬ ಆಸೆಯೂ ಇಲ್ಲ. ಆದರೂ ನಮ್ಮ ತಾಲ್ಲೂಕಿನಲ್ಲಿ ಇನ್ನೂ ಅವರನ್ನು ಸುಳ್ಳ ಎನ್ನುವವರು ಇದ್ದಾರೆ, ಅಂಥವರಿಗಾಗಿ ಬರೆದಿದ್ದೇನೆ. ಸೀನಿಯರ್ ಸಂತೆ ಮೈದಾನದಲ್ಲೂ ಸುಳ್ಳು ಹೇಳಲಿಲ್ಲ, ಕೋರ್ಟಿನಲ್ಲೂ ಹೇಳಲಿಲ್ಲ. ನಾನು ಹೇಳಿದ್ದನ್ನು ನಂಬಿದ್ದರು, ಅಷ್ಟೇ.